ಆಪಿನ ಆರು ಗಂಟು

ಬಸವಕಲ್ಯಾಣಕ್ಕೆ ಬರುವವರು ಕೋಟೆ ನೋಡುತ್ತಾರೆ, ಊಟ ಮಾಡುತ್ತಾರೆ, ಸಂಜೆಯೊಳಗೆ ಹೊರಟುಬಿಡುತ್ತಾರೆ. ಅವರನ್ನು ಇನ್ನೂ ಒಂದು ದಿನ ಇರಿಸಿಕೊಳ್ಳುವಂಥದ್ದು ಹುಮನಾಬಾದಿನ ಸುತ್ತ ಇದೆ ಎಂದು ನನಗೆ ಬಹಳ ದಿನದಿಂದ ಅನಿಸುತ್ತಿತ್ತು. ನಾನು ಕಲ್ಯಾಣದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ; ಮನೆ ಹುಮನಾಬಾದಿನಲ್ಲಿ, ಅವ್ವನ ಜೊತೆ. ದಿನವೂ ಬಸ್ಸಿನಲ್ಲಿ ಹೋಗಿಬರುವ ಹೊತ್ತಿನಲ್ಲಿ ಆ ಒಂದು ದಿನವನ್ನು ನೋಟುಪುಸ್ತಕದಲ್ಲಿ ಬರೆದೆ. ಬೆಳಿಗ್ಗೆ ಘಾಟಬೋರಾಳದ ಕಡೆ ಇರುವ ಜಾಗೀರಿನ ಕಾಲದ ಮಾವಿನ ತೋಟ. ಅಲ್ಲೇ ಗಿಡದ ಕೆಳಗೆ ಊಟ. ಮಧ್ಯಾಹ್ನದ ಮೇಲೆ ದುಬಲಗುಂಡಿ ದಾರಿಯ ಒಂದು ಕೆರೆ, ಅದರ ಹಿನ್ನೀರಿನ ಜೌಗು, ಆ ಜೌಗಿನ ಹಕ್ಕಿಗಳು.

ಮೊದಲ ಸಲ ಬರಲು ಒಪ್ಪಿದವರು ವಿಶ್ವವಿದ್ಯಾಲಯದಲ್ಲಿ ನನಗೆ ಪಾಠ ಹೇಳಿದ ಮೇಡಂ. ಮೈಸೂರಿನ ಕಡೆಯವರು. ತಮ್ಮ ಹತ್ತು ಜನ ಗೆಳೆಯರನ್ನೂ ಕರೆತರುತ್ತೇನೆಂದರು. ಆ ಫೋನು ಬಂದ ದಿನದಿಂದ ನಾನು ನೋಟುಪುಸ್ತಕವನ್ನು ಮೂರು ಸಲ ತಿದ್ದಿದೆ. ಎಲ್ಲಿ ನಿಲ್ಲಬೇಕು, ಏನು ಹೇಳಬೇಕು, ಎಲ್ಲಿ ಮಾತಾಡದೆ ಇರಬೇಕು ಎಂಬುದನ್ನೆಲ್ಲ ಬರೆದುಕೊಂಡೆ.

ತೋಟಕ್ಕೆ ಮಾರ್ಗದರ್ಶಿ ಅಲ್ಲಿನ ಚಾಚಾ. ಐದು ತಲೆಮಾರಿನಿಂದ ಅವರ ಮನೆಯವರೇ ಆ ತೋಟವನ್ನು ಕಾಯುತ್ತ ಬಂದವರು. ಜೌಗಿಗೆ ಮಾರ್ಗದರ್ಶಿ ಒಬ್ಬ ಆಯಿ. ಅರವತ್ತು ದಾಟಿದವಳು, ಚಾಪೆ ಹೆಣೆಯುವವಳು. ಜೌಗಿನಲ್ಲಿ ಆಳೆತ್ತರ ಬೆಳೆಯುವ ಆಪು ಎಂಬ ಹುಲ್ಲನ್ನು ಕೊಯ್ದು, ಒಣಗಿಸಿ, ಚಾಪೆ ಹೆಣೆಯುವ ಏಳೆಂಟು ಮನೆಗಳು ಅಲ್ಲಿವೆ. ಆಗಸ್ಟಿನಲ್ಲಿ ನಾನು ಮೂರು ಸಲ ಹೋದಾಗ ಹಕ್ಕಿಗಳನ್ನು ತೋರಿಸಿದ್ದು ಅವಳೇ. ಆಪಿನ ನಡುವೆ ನೇರಳೆ ಮೈಯ, ಕೆಂಪು ಕೊಕ್ಕಿನ ಜಂಬುಕೋಳಿ ನಿಂತಿತ್ತು. ಒಂದು ಎಳೆ ದಂಟನ್ನು ಕಾಲಬೆರಳಿನಿಂದ ಹಿಡಿದೆತ್ತಿ ತಿನ್ನುತ್ತಿತ್ತು.

"ನೋಡು ಆಕಿನ್ನ," ಎಂದಿದ್ದಳು ಆಯಿ. "ಕೈ ಇಲ್ಲ ಅಂತ ಯಾರ ಮುಂದೂ ಅಳಾಂಗಿಲ್ಲ. ಕಾಲಿಲೆ ಹಿಡದು ಉಣ್ತಾಳ."

ನಾನು ನಕ್ಕಿದ್ದೆ. ನಾನು ಬೇಗ ನಗುವವಳಲ್ಲ. ಆಯಿಯ ಜೊತೆ ನಗುವುದು ಸುಲಭವಿತ್ತು.

ಇದನ್ನು ಮುಂದೆ ಹೇಳುವ ಮೊದಲು ಇನ್ನೊಂದು ನಗುವಿನ ವಿಷಯ ಹೇಳಬೇಕು. ಎಂ.ಎ. ಎರಡನೆಯ ವರ್ಷದಲ್ಲಿ ವಿಭಾಗದಿಂದ ನಮ್ಮ ಭಾಗಕ್ಕೆ ಪ್ರವಾಸ ಬಂದಿದ್ದೆವು. ಒಂದು ದರ್ಗಾದ ಪಕ್ಕದ ಮರಕ್ಕೆ ಜನ ಹರಕೆಯ ದಾರ, ಬಟ್ಟೆಯ ಚೂರು, ಬಳೆ ಕಟ್ಟಿದ್ದರು. ಕೊಂಬೆ ಕಾಣದಷ್ಟು ಗಂಟುಗಳು. ಮೇಡಂ ಅದರ ಮುಂದೆ ನಿಂತು, "ಇತಿಹಾಸ ಇಲ್ಲಿಯ ತನಕ ಇನ್ನೂ ಬಂದಿಲ್ಲ, ದಾರಿಯಲ್ಲಿದೆ," ಎಂದು ನಕ್ಕರು. ತರಗತಿಯೇ ನಕ್ಕಿತು. ಆ ಮರಕ್ಕೆ ನನ್ನ ಅವ್ವ ನನ್ನ ಮೊದಲ ವರ್ಷದ ಫಲಿತಾಂಶಕ್ಕಾಗಿ ಒಂದು ದಾರ ಕಟ್ಟಿದ್ದಳು. ಯಾವ ಕೊಂಬೆ ಎಂಬುದೂ ನನಗೆ ಗೊತ್ತಿತ್ತು. ನಾನೂ ನಕ್ಕೆ.

ಸೆಪ್ಟೆಂಬರಿನ ಒಂದು ಶನಿವಾರ, ಪ್ರವಾಸದ ಹಿಂದಿನ ದಿನ, ದಾರಿ ನೋಡಿಕೊಂಡು ಬರಲು ಒಬ್ಬಳೇ ಹೋದೆ. ಮಾವಿನ ತೋಟದ ಮೂಲೆಯಲ್ಲಿ ಹುಣಸೆಗಿಡದ ಕೆಳಗೆ ಒಂದು ಸಣ್ಣ ಗೋರಿ ಇದೆ. ಆ ಗಿಡಕ್ಕೂ ದಾರಗಳು. ಅವುಗಳನ್ನು ನಾನು ಆಗಸ್ಟಿನಲ್ಲೂ ನೋಡಿದ್ದೆ, ಆದರೆ ಮೇಡಂ ಕಣ್ಣಿನಿಂದ ನೋಡಿದ್ದು ಅಂದೇ. ಚಾಚಾ ಹತ್ತಿರ ಹೋಗಿ, ಒಂದು ದಿನದ ಮಟ್ಟಿಗೆ ತೆಗೆದಿಡಬಹುದೇ ಎಂದು ಕೇಳಿದೆ.

ಚಾಚಾ ಬೀಡಿ ಹಚ್ಚುವುದನ್ನು ಬಿಟ್ಟು ನನ್ನನ್ನು ನೋಡಿದರು.

"ಬೇಟಿ, ನಾ ಕಟ್ಟಿದ್ದಲ್ಲ, ನಾ ಹ್ಯಾಂಗ ಬಿಚ್ಚಲಿ? ಯಾರ ಕಟ್ಟ್ಯಾರೋ ಅವರ ಮುರಾದ, ಬೇಡಕೊಂಡಿದ್ದು, ಪೂರಾ ಆದ ಮ್ಯಾಲೆ ಅವರ ಬಂದು ಬಿಚ್ಚತಾರ."

"ಒಂದ ದಿನಾ ಅಷ್ಟ ಚಾಚಾ. ಮತ್ತ ಹಾಂಗ ಕಟ್ಟಿದ್ರಾತು."

"ನಿನ್ನ ಹೆಸರಲೆ ಯಾರರ ಅರ್ಜಿ ಬರದು, ನಡುವ ಒಂದ ದಿನಾ ಹರದು, ಮತ್ತ ಹಚ್ಚಿದ್ರ ನಡೀತದೇನು?" ಎಂದು ಬೀಡಿ ಹಚ್ಚಿಕೊಂಡರು. ಸಿಟ್ಟು ಮಾಡಲಿಲ್ಲ. "ಗೋರಿ ಕಡೆ ಕರಕೊಂಡ ಬರಬ್ಯಾಡ. ಬಾವಿ ಕಡಿಂದ ತಿರುಗಸು. ಅಷ್ಟ."

ಹಾಗೇ ನೋಟುಪುಸ್ತಕದಲ್ಲಿ ತಿದ್ದಿಕೊಂಡು ಕೆರೆಗೆ ಹೋದೆ.

ಜೌಗಿನ ನಡುವೆ ಹೊಲಗಳಿಗೆ ಹೋಗುವ ಮಣ್ಣಿನ ಒಡ್ಡು ಒಂದಿದೆ. ಅದರ ಮೇಲೆ ನಿಂತು ಹಕ್ಕಿ ತೋರಿಸಬೇಕು ಎಂಬುದು ನನ್ನ ಲೆಕ್ಕ. ಇಳಿಹೊತ್ತು. ಅಲ್ಲಿ ಯಾರೂ ಇರಲಿಲ್ಲ. ಒಡ್ಡಿನ ಎಡಕ್ಕೆ, ಕೈಗೆ ಎಟಕುವಷ್ಟು ಹತ್ತಿರದಲ್ಲಿ, ನಾಲ್ಕೈದು ದಂಟಿನ ತುದಿಗಳನ್ನು ಕೂಡಿಸಿ ಯಾರೋ ಗಂಟು ಹಾಕಿದ್ದರು. ಸ್ವಲ್ಪ ಮುಂದೆ ಇನ್ನೊಂದು. ಅದರಾಚೆ ಇನ್ನೂ ಒಂದು. ಆಗಸ್ಟಿನಲ್ಲಿ ಇವು ಇರಲಿಲ್ಲ.

ಮದುವೆಯಾಗಲೆಂದು ಹುಡುಗಿಯರು ಕಟ್ಟಿದ್ದು, ಎಂದುಕೊಂಡೆ. ಆಗತಾನೇ ದಾರಗಳನ್ನು ನೋಡಿ ಬಂದಿದ್ದೆ. ನಮ್ಮಲ್ಲಿ ಗಂಟು ಕಂಡರೆ ಹರಕೆ ಎನ್ನದೆ ಬೇರೆ ಏನಾದರೂ ಅನ್ನುವವರು ಯಾರು? ಮರ ಸಾಲದೆಂದು ಈಗ ಹುಲ್ಲಿಗೂ ಶುರುಮಾಡಿದರೇ ಎಂದು ಸಿಟ್ಟೇ ಬಂತು. ನಾಳೆ ಮೇಡಂ ಇಲ್ಲೇ ನಿಲ್ಲುತ್ತಾರೆ. ಮೊದಲು ಕಾಣುವುದು ಇದೇ.

ಆಯಿಯ ಮನೆ ಹತ್ತು ನಿಮಿಷದ ದಾರಿ. ಹೋಗಿ ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾಳೆ ಎಂದು ಚಾಚಾನಿಂದ ಆಗಲೇ ತಿಳಿದಿತ್ತು. ಆದ್ದರಿಂದ ಕೇಳಲಿಲ್ಲ. ಇದನ್ನು ನಾನು ಬೇರೆ ಯಾವ ರೀತಿಯಲ್ಲೂ ಹೇಳಲಾರೆ. ಗೊತ್ತಿಲ್ಲದೆ ಮಾಡಿದೆ ಎನ್ನುವುದು ಅರ್ಧ ಸತ್ಯ, ನನಗೆ ಗೊತ್ತಾಗಬಾರದೆಂದೇ ಕೇಳದೆ ಮಾಡಿದೆ.

ಚಪ್ಪಲಿ ಬಿಟ್ಟು, ಸಲ್ವಾರನ್ನು ಮೊಣಕಾಲಿಗೆ ಮಡಚಿ ನೀರಿಗಿಳಿದು ಆರು ಗಂಟು ಬಿಚ್ಚಿದೆ. ಬಿಗಿಯಾಗಿದ್ದವು. ಎರಡೆರಡು ಸುತ್ತು ಹಾಕಿ, ತುದಿಯನ್ನು ಒಳಗೆ ತೂರಿಸಿ ಕಟ್ಟಿದ್ದರು, ಹಲ್ಲಿನಿಂದ ಬಿಡಿಸಬೇಕಾಯಿತು. ಬಿಡಿಸಿದ ಮೇಲೂ ದಂಟು ಬಾಗಿಯೇ ಇತ್ತು. ಒಂದೊಂದನ್ನೂ ಅಂಗೈಯಿಂದ ನೀವಿ ನೆಟ್ಟಗೆ ಮಾಡಿದೆ. ಎಲ್ಲೋ ಒಳಗಿನಿಂದ ಒಂದು ಜಂಬುಕೋಳಿ ಕರ್ಕಶವಾಗಿ ಕೂಗುತ್ತಲೇ ಇತ್ತು. ನಾಳೆಗೆ ಹಕ್ಕಿ ಇಷ್ಟು ಹತ್ತಿರ ಸಿಗುತ್ತದಲ್ಲ ಎಂದು ಸಂತೋಷಪಟ್ಟೆ.

ಭಾನುವಾರ ಬೆಳಿಗ್ಗೆ ಎಲ್ಲವೂ ಬರೆದುಕೊಂಡ ಹಾಗೇ ನಡೆಯಿತು. ಚಾಚಾ ಬಿಳಿ ಪೈಜಾಮ ತೊಟ್ಟು ಕಾಯುತ್ತಿದ್ದರು. ಒಂದೊಂದು ಮಾವಿನ ಗಿಡವನ್ನೂ ಹಣ್ಣಿನ ರುಚಿಯಿಂದಲೇ ಪರಿಚಯ ಮಾಡಿಕೊಟ್ಟರು: ಇದು ಬೆಲ್ಲದ ಗಿಡ, ಇದು ಬಡೆಸೋಪಿನ ಗಿಡ, ಇದು ಬರೀ ಉಪ್ಪಿನಕಾಯಿಗೆ. ಜಾಗೀರದಾರರ ಮನೆಯವರು ಹಣ್ಣು ತಿನ್ನಲು ಕೂರುತ್ತಿದ್ದ ಗಚ್ಚಿನ ಕಟ್ಟೆಯನ್ನೂ, ಎತ್ತುಗಳು ನೀರೆತ್ತುವ ಮೋಟ ಎಳೆಯುತ್ತಿದ್ದ ಬಾವಿಯ ಇಳಿಜಾರನ್ನೂ, ತಮ್ಮ ಮುತ್ಯಾನ ಮುತ್ಯಾ ತಲೆಯ ಮೇಲೆ ಮಣ್ಣು ಹೊತ್ತು ಕಟ್ಟಿದ ನೀರಿನ ಕಾಲುವೆಯನ್ನೂ ತೋರಿಸಿದರು.

ಬಂದವರಲ್ಲಿ ಒಬ್ಬರು, "ಹಣ್ಣಿನ ಕಾಲದಲ್ಲಿ ಬರಬೇಕಿತ್ತು ನಾವು," ಎಂದರು.

"ಹಣ್ಣಿನ ದಿನಾ ಬಂದ್ರ ನಾ ಇಷ್ಟ ಸಮಾಧಾನಲೆ ಮಾತಾಡಾಂಗಿಲ್ರಿ ಸಾಹೇಬ್ರ," ಎಂದರು ಚಾಚಾ. "ಮಂಗ್ಯಾ ಓಡಸ್ತಿರ್ತೀನಿ. ಆವಾಗ ಮಂಗ್ಯಾ ಯಾರು, ಮೆಹಮಾನ ಯಾರು, ನನಗ ಗುರುತ ಹತ್ತಾಂಗಿಲ್ಲ."

ಎಲ್ಲರೂ ಜೋರಾಗಿ ನಕ್ಕರು. ಬಾವಿಯ ಕಡೆಯಿಂದ ತಿರುಗಿಸಿದೆ; ಗೋರಿ ಯಾರಿಗೂ ಕಾಣಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡರು. ಮೇಡಂ ನನ್ನ ಭುಜ ತಟ್ಟಿ, "ಅಚ್ಚುಕಟ್ಟಾಗಿ ಮಾಡಿದ್ದೀಯ," ಎಂದರು. ಆ ಮಾತಿಗಾಗಿ ನಾನು ಒಂದು ತಿಂಗಳು ಕಾದಿದ್ದೆ.

ಕೆರೆ ತಲುಪುವ ಮೊದಲೇ ಹಕ್ಕಿಗಳ ಕೂಗು ಕೇಳಿಸಿತು. ಕಾರುಗಳಿಂದ ಇಳಿದವರು ಖುಷಿಯಿಂದ ಕ್ಯಾಮೆರಾ ತೆಗೆದರು. ನನಗೆ ಮಾತ್ರ ಆ ಕೂಗು ಸರಿ ಅನಿಸಲಿಲ್ಲ. ಒಡ್ಡಿನ ಮೇಲೆ ಬಂದು ನೋಡಿದರೆ, ಎಡಗಡೆಯ ಆಪು ಅರ್ಧಕ್ಕರ್ಧ ಇರಲಿಲ್ಲ.

ಆ ವರ್ಷದ ಕೊಯ್ಲು ಅಂದು ಬೆಳಿಗ್ಗೆ ಶುರುವಾಗಿತ್ತು. ಏಳೆಂಟು ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ಕುಡುಗೋಲು ಹಿಡಿದು ನಿಂತಿದ್ದರು, ಆದರೆ ಯಾರೂ ಕೊಯ್ಯುತ್ತಿರಲಿಲ್ಲ. ಕೊಯ್ದ ಜಾಗದಲ್ಲಿ ನೀರಿನ ಮೇಲೆ ಹುಲ್ಲಿನ ಒಂದು ಗೂಡು ಓರೆಯಾಗಿ ತೇಲುತ್ತಿತ್ತು. ಕೆಂಪು ಚುಕ್ಕೆಯ ಮೊಟ್ಟೆಗಳು, ಒಂದು ಒಡೆದಿತ್ತು. ಅದರಾಚೆ ಇನ್ನೊಂದು ಗೂಡು ಬುಡಸಮೇತ ಮಗುಚಿಬಿದ್ದಿತ್ತು. ಎರಡು ಜಂಬುಕೋಳಿಗಳು ಬಿಳಿಯ ಬಾಲ ಮೇಲಕ್ಕೆ ಚಿಮ್ಮುತ್ತ ಕೊಯ್ದ ದಂಟುಗಳ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದವು.

ಹೆಂಗಸರ ನಡುವೆ ಆಯಿ ನಿಂತಿದ್ದಳು. ಮಾತಾಡುತ್ತಿದ್ದವಳು ಅವಳ ತಂಗಿಯ ಸೊಸೆ, ನಡುವಯಸ್ಸಿನ ಗಟ್ಟಿ ದನಿಯ ಹೆಂಗಸು.

"ಗಂಟ ಎಲ್ಲಿ ಆಯಿ? ತೋರಸು. ಒಂದರ ಗಂಟ ತೋರಸು."

"ಕಟ್ಟೀನಿ ಅಂದ್ನೆಲ್ಲ," ಎಂದಳು ಆಯಿ. "ಶುಕ್ರಾರ ಬಂದು ಕಟ್ಟೀನಿ. ಇಲ್ಲೇ ಕಟ್ಟೀನಿ."

"ಕಟ್ಟಿದ್ರ ನಮಗ ಕಾಣ್ತಿದ್ದಿಲ್ಲೇನು? ನಾವೇನ ಕಣ್ಣ ಮುಚಗೊಂಡು ಕೊಯ್ತೀವೇನು? ಇಷ್ಟ ವರ್ಷ ಗಂಟ ಕಂಡಲ್ಲಿ ಕುಡಗೋಲು ತಿರುವಿಲ್ಲೇನು? ಬಾಣಂತಿ ಮನಿ ಮ್ಯಾಲೆ ಕೈ ಮಾಡಿಸಿದಿ ನೀ ನನ್ನ ಕಡಿಂದ. ಈ ಪಾಪ ಯಾರಿಗಿ?"

ಅಷ್ಟು ಕೇಳಿದ ಮೇಲೆ ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ; ಉಳಿದದ್ದು ಅವರ ಜಗಳದಲ್ಲೇ ತಿಳಿಯಿತು. ಕೊಯ್ಲಿಗೆ ಎರಡು ದಿನ ಮೊದಲು ಆಯಿ ಜೌಗಿನೊಳಗೆ ತಿರುಗಿ, ಮಳೆಗಾಲದ ಕೊನೆಯಲ್ಲಿ ಮರಿ ಮಾಡುವ ಹಕ್ಕಿಗಳ ಗೂಡು ಹುಡುಕಿ, ಅದರ ಮೇಲಿನ ದಂಟುಗಳನ್ನು ಗಂಟು ಹಾಕುತ್ತಾಳೆ. ಗಂಟಿನ ಸುತ್ತ ಒಂದು ಮಾರು ಜಾಗವನ್ನು ಉಳಿದವರು ಕೊಯ್ಯದೆ ಬಿಡುತ್ತಾರೆ. ಒಳಗೆ ಬಾಣಂತಿ ಇದ್ದಾಳೆ ಎಂಬುದಷ್ಟೇ ಅದರ ಅರ್ಥ. ಎತ್ತರದ ಆಪಿನಲ್ಲಿ ಗೂಡು ಕಾಣುವುದಿಲ್ಲ. ಕಾಣುವುದು ಗಂಟು ಒಂದೇ. ನಲವತ್ತು ವರ್ಷದಿಂದ ಅದನ್ನು ಕಟ್ಟುತ್ತ ಬಂದವಳು ಆಯಿ. ಇನ್ನೊಬ್ಬರು ಹೋಗಿ ಸರಿಯಾಗಿದೆಯೇ ಎಂದು ನೋಡುವ ಪದ್ಧತಿಯೇ ಇರಲಿಲ್ಲ.

ಮೇಡಂಗೆ ನಮ್ಮ ಕಡೆಯ ಮಾತು ವೇಗವಾದಾಗ ಅರ್ಥವಾಗುವುದಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ಏನು ಜಗಳ? ಏನು ಹೇಳ್ತಿದ್ದಾರೆ?" ಎಂದು ಕೇಳಿದರು.

ನಾನು ಗಂಟಿನ ಪದ್ಧತಿಯನ್ನು ಹೇಳಿದೆ. ತರಗತಿಯಲ್ಲಿ ಹೇಳುವ ಹಾಗೇ ಹೇಳಿದೆ. "ಈ ಸಲ ಗಂಟು ಇರಲಿಲ್ಲವಂತೆ. ಆ ಅಜ್ಜಿಗೆ ವಯಸ್ಸಾಯಿತು, ಮರೆತಿದ್ದಾರೆ ಅಂತ ಇವರು ಹೇಳ್ತಿದ್ದಾರೆ ಮೇಡಂ."

ವಯಸ್ಸಾಯಿತು ಎಂದು ಅಲ್ಲಿ ಇನ್ನೂ ಯಾರೂ ಅಂದಿರಲಿಲ್ಲ. ಮರೆತಿದ್ದಾಳೆ ಎಂದೂ ಅಂದಿರಲಿಲ್ಲ. ಆ ಎರಡು ಮಾತು ನನ್ನವು. ಅವು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂದವು ಎಂಬುದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಒಡ್ಡಿನ ಕೆಳಗಿದ್ದ ಹೆಂಗಸರಲ್ಲಿ ಒಬ್ಬಳು ನನ್ನ ಮಾತನ್ನು ಕೇಳಿಸಿಕೊಂಡಳು. ತಲೆಯಾಡಿಸಿ ಉಳಿದವರತ್ತ ತಿರುಗಿದಳು.

"ಅಕ್ಕೋರು ಅಂದಿದ್ದ ಖರೆ. ಮರತಾಳ. ವಯಸ್ಸ ಆಗ್ಯಾದ, ಪಾಪ."

ಆಯಿ ಆಗ ನನ್ನತ್ತ ನೋಡಿದಳು. ಸಿಟ್ಟಿನಿಂದಲ್ಲ. ಹೌದೇನು ಎಂದು ಕೇಳುವ ಹಾಗೆ ನೋಡಿದಳು. ಓದಿದವಳು ಹೇಳಿದ್ದಾಳೆಂದರೆ ಇರಬಹುದು ಎಂಬ ಹಾಗೆ.

ಮೇಡಂ ನಗಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಬರೆಯತೊಡಗಿದರು. "ಎಂಥ ಪದ್ಧತಿ! ಇಂಥದ್ದನ್ನು ನಾನು ಎಲ್ಲೂ ಕೇಳಿಲ್ಲ. ಒಂದೇ ಒಂದು ಗಂಟಾದರೂ ನೋಡಲು ಸಿಕ್ಕಿದ್ದರೆ! ನೀನು ಇದರ ಮೇಲೆ ಬರೀಬೇಕು ಕಣೆ," ಎಂದರು. ನಾನು ಹೂಂ ಎಂದೆ. ಬಂದ ಹತ್ತು ಜನರೂ ತೇಲುತ್ತಿದ್ದ ಗೂಡಿನ ಚಿತ್ರ ತೆಗೆದರು. ಆ ದಿನ ಹಕ್ಕಿ ತೋರಿಸಲು ಆಯಿ ಒಡ್ಡು ಹತ್ತಿ ಬರಲಿಲ್ಲ. ನಾನೇ ನೋಟುಪುಸ್ತಕ ನೋಡಿಕೊಂಡು ಹಕ್ಕಿಗಳ ಹೆಸರು ಹೇಳಿದೆ.

ಎರಡು ವಾರ ನಾನು ಆ ಕಡೆ ಹೋಗಲಿಲ್ಲ. ಕಾಲೇಜಿಗೆ ಹೋದೆ, ಬಂದೆ. ಅವ್ವ, "ಮೈಯಾಗ ಏನರ ತ್ರಾಸ ಅದೇನು?" ಎಂದು ಎರಡು ಸಲ ಕೇಳಿದಳು. ಇಲ್ಲವೆಂದೆ. ಎರಡು ಗೂಡು, ಹಕ್ಕಿಯದು, ಮುಂದಿನ ವರ್ಷ ಮತ್ತೆ ಕಟ್ಟುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೇಡಂ ಫೋನು ಮಾಡಿ ಲೇಖನ ಎಲ್ಲಿಗೆ ಬಂತು ಎಂದು ಕೇಳಿದಾಗ, ಶುರುಮಾಡಿದ್ದೇನೆ ಎಂದೆ. ಅದು ನಿಜವೂ ಆಗಿತ್ತು. ಮೊದಲ ಪುಟ ಬರೆದಿದ್ದೆ. ಅದರಲ್ಲಿ ಗಂಟು ಹೇಗೆ ಹಾಕುತ್ತಾರೆ ಎಂಬುದು ಬಹಳ ಕರಾರುವಾಕ್ಕಾಗಿತ್ತು: ಎಷ್ಟು ಸುತ್ತು, ತುದಿ ಎಲ್ಲಿ ತೂರಿಸಬೇಕು. ಬಿಚ್ಚಿದವಳಿಗೆ ಮಾತ್ರ ತಿಳಿಯುವಷ್ಟು. ಓದಿ ನೋಡಿದಾಗ ಅದು ನನಗೇ ಹೊಳೆಯಿತು, ಪುಟ ಹರಿದುಹಾಕಿದೆ.

ತೋಟದ ಊಟಕ್ಕೆ ಹಾಸಲೆಂದು ಚಾಚಾ ಕೊಟ್ಟಿದ್ದ ಜಮಖಾನೆ ನಮ್ಮ ಸಾಮಾನಿನ ಜೊತೆ ಬಂದು ನನ್ನ ಬಳಿಯೇ ಉಳಿದಿತ್ತು. ಅದನ್ನು ಕೊಡಲು ಹೋದಾಗ ಚಾಚಾ ಹೇಳಿದರು.

"ಆ ಚಾಪಿ ಆಯಿಗಿ ನೀರಾಗ ಇಳಿಬ್ಯಾಡ ಅಂದಾರಂತ. ಗಂಟ ಈಗ ತಂಗಿ ಸೊಸಿ ಕಟ್ಟತಾಳ. ಮುದಕಿ ಮನಿ ಬಿಟ್ಟ ಹೊರಗ ಬರವಲ್ಲು. ನನ್ನ ತೆಲಿ ಹೋಗ್ಯಾದ ಅಂತ ಆಕಿನ ಹೇಳಾಕತ್ಯಾಳ." ಜಮಖಾನೆಯನ್ನು ಕೈಗೆ ತೆಗೆದುಕೊಂಡು, "ನೀ ಅವತ್ತ ನನ್ನ ಕಡೆ ದಾರ ಬಿಚ್ಚು ಅಂತ ಕೇಳಿದ್ದಿ, ಬೇಟಿ," ಎಂದರು. ಜಮಖಾನೆಯನ್ನು ಎರಡು ಸಲ ಝಾಡಿಸಿ ಮಡಚಿಟ್ಟರು.

ಅಲ್ಲಿಂದ ನೇರ ಆಯಿಯ ಮನೆಗೆ ಹೋದೆ. ಅಂಗಳದಲ್ಲಿ ಅರ್ಧ ಹೆಣೆದ ಚಾಪೆಯ ಮುಂದೆ ಕೂತಿದ್ದಳು. ಕೈ ಆಡುತ್ತಿರಲಿಲ್ಲ. ನನ್ನನ್ನು ಕಂಡು, "ಬಾ ಮಗಳ, ಕೂಡು," ಎಂದಳು. ನಾನು ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವಳು ತಾನಾಗಿ ಹೇಳತೊಡಗಿದಳು.

"ಶುಕ್ರಾರ ಹೋಗಿದ್ದು ನನಗ ನೆನಪ ಅದ. ನೀರ ತಣ್ಣಗಿದ್ದುವು. ಒಡ್ಡಿನ ಕಡೆ ಹೆಚ್ಚ ಗೂಡ ಅದಾವ, ಈ ಸಲ ಮಂದಿ ನೋಡಾಕ ಬರ್ತಾರ, ಚೊಲೋ ಆತು ಅಂತ ಅನಕೊಂಡಿದ್ದೂ ನೆನಪ ಅದ. ಆದ್ರ ಅದು ಹೋದ ವರ್ಷದ್ದ ನೆನಪೋ ಏನೋ. ಹೋದ ವರ್ಷ ಮಂದಿ ಬಂದಿದ್ದಿಲ್ಲಲ್ಲ? ಹಂಗಾದ್ರ ಹ್ಯಾಂಗ? ದಿನಾ ಕುಂತು ಇದನ್ನ ತೂಗಿ ನೋಡಾಕತ್ತೇನಿ. ಒಲಿ ಆರಿಸೀನೋ ಇಲ್ಲೋ ಅಂತ ಈಗ ಮೂರ ಸಲ ಎದ್ದು ನೋಡ್ತೀನಿ, ಯವ್ವಾ."

"ನೀ ಕಟ್ಟಿದ್ದಿ ಆಯಿ," ಎಂದೆ. "ನಾ ಬಿಚ್ಚೀನಿ."

ಅವಳು ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಹರಕೆಯ ಗಂಟು ಎಂದುಕೊಂಡದ್ದು, ಮೇಡಂ ನೋಡಬಾರದೆಂದು ಬಿಚ್ಚಿದ್ದು, ಅಂದು ಒಡ್ಡಿನ ಮೇಲೆ ಗೊತ್ತಿದ್ದೂ ಸುಮ್ಮನಿದ್ದದ್ದು, ಸುಮ್ಮನಿರದೆ ವಯಸ್ಸಾಯಿತು ಎಂದದ್ದು.

ಮೊದಲು ಸಿಟ್ಟು ಬರಲಿಲ್ಲ. ಮೊದಲು ಅವಳ ಬೆನ್ನು ನೆಟ್ಟಗಾಯಿತು.

"ಎಷ್ಟ ಬಿಚ್ಚಿದಿ?"

"ಆರು."

"ಏಳು ಕಟ್ಟಿದ್ದೆ."

"ನನಗ ಆರ ಸಿಕ್ಕುವು."

"ಏಳನೇದ್ದು ಒಳಗ ಇತ್ತು, ಜಾಲಿ ಕಂಟಿ ಕಡೆ. ಅಲ್ಲಿ ಇನ್ನಾ ಕೊಯ್ದಿಲ್ಲ. ಅದೂ ಇಲ್ಲದಿದ್ರ ಅಂತ ಹೆದರಿ ನಾ ನೋಡಾಕ ಹೋಗಲಿಲ್ಲ." ಬೆರಳಿನಲ್ಲಿ ಎಣಿಸಿ, "ಏಳು," ಎಂದು ತನಗೇ ಹೇಳಿಕೊಂಡಳು. ಆಮೇಲೆ ಸಿಟ್ಟು ಬಂತು. ಅರ್ಧ ಹೆಣೆದ ಚಾಪೆಯನ್ನು ಸರಿಸಿ ಎದ್ದುನಿಂತಳು.

"ಬಿಚ್ಚೂ ಮುಂದ ಕೈಯಾಗ ಬಿಗಿ ಹತ್ತಲಿಲ್ಲೇನು ನಿನಗ? ಹರಕಿ ಕಟ್ಟೂ ಹುಡಿಗೇರು ಹಾಂಗ ಕಟ್ಟತಾರೇನು? ಕೇಳಾಕ ಬಾಯಿ ಇದ್ದಿದ್ದಿಲ್ಲೇನು? ಹದಿನೈದ ದಿನಾ ನಾ ನನ್ನ ತೆಲಿ ಕೆಟ್ಟಾದ ಅಂತ ತಿಳಕೊಂಡೀನಿ. ನೀ ಅಲ್ಲಿ ಪುಸ್ತಕ ಓದಕೊಂತ ಕುಂತಿದ್ದಿ!"

ನಾನು ತಪ್ಪಾಯಿತು ಎಂದೆ. ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನಗ ಹೇಳಬ್ಯಾಡ. ನಾ ಕಟ್ಟೀನಿ ಅನ್ನೂದು ನನಗ ಗೊತ್ತಿತ್ತು. ಮರತಾಳ ಅಂದವರ ಮುಂದ ಹೇಳು. ನಾಳೆ ಮುಂಜಾನೆ ಬಾ."

ಮರುದಿನ ಕಾಲೇಜಿಗೆ ರಜೆ ಹಾಕಿ ಹೋದೆ. ಹೆಂಗಸರು ನೀರಿಗೆ ಇಳಿಯುವ ಮೊದಲು ಒಡ್ಡಿನ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಆಯಿ ಒಂದು ಕಡೆ ನಿಂತಳು. ನಾನು ನಿಂತುಕೊಂಡೇ ಹೇಳಿದೆ. ಬಹಳ ಹೊತ್ತು ಹಿಡಿಯಲಿಲ್ಲ. ಹೇಳಿ ಮುಗಿಸಿದಾಗ ಯಾರೂ ಬೈಯಲಿಲ್ಲ. ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ. ಕೊನೆಗೆ ತಂಗಿಯ ಸೊಸೆ ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದಳು.

"ನಿಮ್ಮ ಮೇಡಮ್ಮಗ ಹೇಳೀರೇನ್ರಿ ಅಕ್ಕೋರ?"

ಇಲ್ಲವೆಂದೆ.

"ಅಂದ್ರ ನಮ್ಮ ಮುಂದ ಹೇಳೂದು ಸಸ್ತಾ ಅದ. ನಾವ ಏನ ಹುಲ್ಲ ಕೊಯ್ಯೂ ಮಂದಿ." ಸಣ್ಣಗೆ ನಕ್ಕಳು. "ಆಕಿಗಿ ಹೆದರಿ ಬಿಚ್ಚೀರಿ. ಆಕಿಗಿ ಹೇಳ್ರಿ. ಈಗ ಹಚ್ಚರಿ ಫೋನ, ನಮಗೂ ಕೇಳಸಲಿ."

ಹಚ್ಚಿದೆ. ಮೇಡಂ ಎತ್ತಿಕೊಂಡು, ಲೇಖನ ಆಯಿತೇ ಎಂದರು. ಎಂಟು ಹೆಂಗಸರು ಕುಡುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಗಂಟು ಬಿಚ್ಚಿದವಳು ನಾನು ಎಂದೆ.

"ಯಾಕೆ?"

"ನೀವು ನೋಡಿದರೆ ನಗ್ತೀರಿ ಅಂತ, ಮೇಡಂ."

"ನಾನು ಯಾವಾಗ ನಕ್ಕಿದ್ದೆ?"

ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ದನಿಯಲ್ಲೇ ತಿಳಿಯಿತು. ಒಂದು ಮರದ ಮುಂದೆ ಒಂದು ನಿಮಿಷ ಆಡಿದ ಮಾತು. ಅದನ್ನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದವಳು ನಾನೊಬ್ಬಳೇ. ಅದನ್ನು ಅವರ ತಲೆಯ ಮೇಲೆ ಹೊರಿಸಿ ಹಗುರಾಗಬಹುದಿತ್ತು. "ಅವತ್ತು ನಾವೆಲ್ಲ ನಕ್ಕಿದ್ದೆವು ಮೇಡಂ, ನಾನೂ," ಎಂದಷ್ಟೇ ಹೇಳಿದೆ. ಅವರು ಉಸಿರೆಳೆದುಕೊಂಡು, "ಆ ಅಜ್ಜಿ ಅಲ್ಲಿದ್ದಾರಾ? ಅವರಿಗೆ ಕೊಡು, ನಾನು ಮಾತಾಡ್ತೀನಿ," ಎಂದರು.

ನಾನು ಫೋನನ್ನು ಆಯಿಯ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

"ಆಕಿ ಏನ ಬಿಚ್ಯಾಳೇನು?" ಎಂದಳು. "ಆಕಿ ಜೋಡಿ ನನ್ನದೇನ ಮಾತು?"

ಮೇಡಂಗೆ ಆ ಮಾತು ಕೇಳಿಸಿತ್ತು. ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟರು. ಆ ಲೇಖನದ ಬಗ್ಗೆ ಮತ್ತೆ ಕೇಳಲಿಲ್ಲ.

ತಂಗಿಯ ಸೊಸೆ ಆಯಿಯ ಹತ್ತಿರ ಹೋಗಿ ತಲೆ ತಗ್ಗಿಸಿದಳು. "ನಂದೂ ತಪ್ಪ ಆಗ್ಯಾದ ಆಯಿ. ಬರೂ ವರ್ಷ ಗಂಟ ನೀನ ಕಟ್ಟು."

ಆಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಕಟ್ಟತೀನಿ. ಆದ್ರ ನೀನೂ ಜೋಡಿ ಬಾ. ನಾ ಕಟ್ಟಿದ್ದು ನೀ ನೋಡಿರಬೇಕು."

ಅದು ಒಳ್ಳೆಯ ಮಾತೆಂದು ಎಲ್ಲರೂ ಒಪ್ಪಿದರು. ಒಬ್ಬರಿಗಿಂತ ಇಬ್ಬರು ಮೇಲು, ಹೊಸಬಳಿಗೂ ಕಲಿತ ಹಾಗಾಗುತ್ತದೆ ಎಂದರು. ನಾನೂ ಆ ಹೊತ್ತಿನಲ್ಲಿ ಹಾಗೇ ಅಂದುಕೊಂಡು, ಅಷ್ಟಕ್ಕೇ ಎಲ್ಲ ಸರಿಹೋಯಿತೆಂದು ಸಮಾಧಾನದಿಂದ ಬಸ್ಸು ಹತ್ತಿದೆ.

ಪ್ರವಾಸ ಈಗಲೂ ನಡೆಸುತ್ತೇನೆ, ಕೊಯ್ಲು ಮುಗಿದ ಮೇಲೆ, ಚಳಿಗಾಲದಲ್ಲಿ. ಆಯಿ ಬಂದು ಹಕ್ಕಿ ತೋರಿಸುತ್ತಾಳೆ. ಬಂದವರ ಜೊತೆ ನಗುತ್ತಾಳೆ. ನನ್ನ ಜೊತೆ ಬೇಕಾದಷ್ಟೇ ಮಾತು. ಮರುವರ್ಷ ಸೆಪ್ಟೆಂಬರಿನಲ್ಲಿ ಮಾತ್ರ ಯಾರನ್ನೂ ಕರೆಯದೆ ಒಂದು ಶುಕ್ರವಾರ ನಾನೊಬ್ಬಳೇ ಹೋಗಿದ್ದೆ. ನೀರಿಗಿಳಿಯದೆ ಒಡ್ಡಿನ ಮೇಲೆಯೇ ನಿಂತು ನೋಡಿದೆ. ಆಯಿ ಮತ್ತು ತಂಗಿಯ ಸೊಸೆ ಸೊಂಟಮಟ್ಟದ ನೀರಿನಲ್ಲಿ ಆಪಿನೊಳಗೆ ಮೆಲ್ಲಗೆ ಹೋಗುತ್ತಿದ್ದರು. ಗೂಡು ಹುಡುಕುತ್ತಿದ್ದವಳು ಆಯಿಯೇ. ಅವಳ ಕಣ್ಣು ಇನ್ನೂ ಚುರುಕಾಗಿತ್ತು, ಕೈಯೂ. ಎರಡು ಸುತ್ತು, ತುದಿ ಒಳಗೆ, ಒಂದು ಎಳೆತ. ಕಟ್ಟಿ ಮುಗಿದ ಕೂಡಲೇ ಅವಳು ಕೈಯನ್ನು ಗಂಟಿನ ಮೇಲೆಯೇ ಇಟ್ಟುಕೊಂಡು ಹಿಂತಿರುಗಿ ಆ ಹೆಂಗಸಿನ ಮುಖ ನೋಡುತ್ತಿದ್ದಳು. ಆಕೆ, "ನೋಡೀನಿ ಆಯಿ," ಎನ್ನುವ ತನಕ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಪ್ರತಿ ಗಂಟಿಗೂ ಹಾಗೇ ಮಾಡಿದಳು.